ಸುಸ್ವಾಗತ ಬರೆದ ಕಲ್ಲು

ಮಾನ್ವಿಯಿಂದ ದೇವದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಕ್ಕೆ ಕಲ್ಲಿನ ಸೇತುವೆ ಇತ್ತು. ಐದು ಕಮಾನು, ಗಾರೆಯ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ರಸ್ತೆಯ ಜೂನಿಯರ್ ಇಂಜಿನಿಯರ್ ನಾನಾಗಿದ್ದೆ. ಕಾಲುವೆ ನೀರು ಬಂದ ಮೇಲೆ ಭತ್ತದ ಲಾರಿಗಳು ಹೆಚ್ಚಾಗಿ ಸೇತುವೆ ಇಕ್ಕಟ್ಟಾಗಿತ್ತು. ಅದನ್ನು ಕೆಡವಿ ಅದೇ ಜಾಗದಲ್ಲಿ ಅಗಲವಾದದ್ದನ್ನು ಕಟ್ಟುವ ನಕ್ಷೆ ರಾಯಚೂರಿನಲ್ಲಿ ತಯಾರಾಗುತ್ತಿತ್ತು. ಹೊಸದನ್ನು ಹಳ್ಳದ ತುಸು ಮೇಲ್ಗಡೆ, ಬೇರೆ ಜಾಗದಲ್ಲಿ ಕಟ್ಟಿದರೆ ಹಳೆಯದು ಉಳಿಯುತ್ತದೆ ಎಂದು ನಾನು ಬರೆದೆ. ಹಾಗೆ ಉಳಿಸಬೇಕಾದರೆ ಅದು ಚಾರಿತ್ರಿಕ ಕಟ್ಟಡಗಳ ಪಟ್ಟಿಯಲ್ಲಿರಬೇಕು ಎಂದು ಉತ್ತರ ಬಂತು.

ಪಟ್ಟಿಗೆ ಸೇರಲು ಒಂದು ಫಾರಂ ಇತ್ತು. ಅದನ್ನು ಕರಾವಳಿಯ ಬಂದರು, ದೀಪಸ್ತಂಭ, ಕಡಲ ತಡೆಗೋಡೆಗಳಿಗಾಗಿ ತಯಾರಿಸಿದ್ದರು. ಸಮುದ್ರದಿಂದ ಎಷ್ಟು ದೂರ, ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ, ಉಪ್ಪುಗಾಳಿಯಿಂದ ಆದ ಹಾನಿ ಏನು. ‘ಅನ್ವಯಿಸುವುದಿಲ್ಲ’ ಎಂದು ಬರೆದು ಕಳಿಸಿದೆ. ಅಪೂರ್ಣ ಎಂಬ ಷರಾದೊಂದಿಗೆ ವಾಪಸು ಬಂತು. ಎರಡನೆಯ ಸಲವೂ ಹಾಗೆಯೇ. ರಾಯಚೂರಿನ ಕಚೇರಿಗೇ ಹೋದೆ.

“ಸಾಹೇಬ್ರ, ಖಾಲಿ ಬಿಡಬ್ಯಾಡ್ರಿ, ಇಲ್ಲ ಅಂತನೂ ಬರೀಬ್ಯಾಡ್ರಿ,” ಅಂದ ಅಲ್ಲಿನ ಗುಮಾಸ್ತ. “ಏನರ ಒಂದು ತುಂಬ್ರಿ.”

“ರಾಯಚೂರಿಗೆ ಸಮುದ್ರ ಎಲ್ಲಿಂದ ತರ್ಲಿ?”

“ತರೋದ್ಯಾಕ್ರಿ? ದೂರ ಕೇಳ್ಯಾರ, ದೂರ ಬರೀರಿ. ಸಮುದ್ರ ಅಂತೂ ಎಲ್ಲೋ ಒಂದು ಕಡಿ ಇದ್ದೇ ಅದ ಅಲ್ರಿ?”

ನಕಾಶೆಯ ಮೇಲೆ ಅಳೆಪಟ್ಟಿ ಇಟ್ಟು ಸಮುದ್ರದ ದೂರ ಅಳೆದೆ. ಉಬ್ಬರದ ಕಾಲಮಿನಲ್ಲಿ ಹಳ್ಳದ ಮಹಾಪೂರದ ಮಟ್ಟ ಬರೆದೆ. ಈ ಸಲ ಫಾರಂ ವಾಪಸು ಬರಲಿಲ್ಲ.

ನಿಜವಾಗಿ ತೂಕವಿದ್ದದ್ದು ಒಂದೇ ಕಾಲಮಿಗೆ: ಕಟ್ಟಿದ ಕಾಲಕ್ಕೆ ಪುರಾವೆ. ಅದು ನಮ್ಮಲ್ಲಿತ್ತು. ಸೇತುವೆಯ ಪಕ್ಕಗೋಡೆಯ ನಡುವೆ ಒಂದು ಕಲ್ಲು, ಅದರ ಮೇಲೆ ಪಾರಸಿ ಲಿಪಿಯ ಉಬ್ಬು ಅಕ್ಷರಗಳು. ಮಾನ್ವಿಯ ಒಬ್ಬ ನಿವೃತ್ತ ಉರ್ದು ಮಾಸ್ತರರನ್ನು ಕರೆದೊಯ್ದು ಓದಿಸಿದ್ದೆ. ಅವರು ಬೆರಳಾಡಿಸುತ್ತಾ ಓದಿ, “ಕಟ್ಟಿಸಿದವರ ಹೆಸರದ, ಇಸವಿನೂ ಅದ. ಇವತ್ತೇ ಒಂದು ಫೋಟೋ ತೆಗಿಸಿಬಿಡ್ರಿ,” ಅಂದರು. ಫೋಟೋಗೆ ಮಂಜೂರಾತಿ ಬೇಕು, ಅದಕ್ಕೆ ಕಚೇರಿಗೆ ಬರೆದಿದ್ದೇನೆ ಎಂದೆ. “ನಿಮ್ಮ ಮಂಜೂರಾತಿ ಬರೋತನ ನಾನು ಇರ್ತೀನೋ ಇಲ್ಲೋ,” ಎಂದು ನಕ್ಕರು. ನಾನು ನಗಲಿಲ್ಲ. ಎಲ್ಲ ಕೆಲಸಕ್ಕೂ ಒಂದು ಕ್ರಮವಿರಬೇಕು ಎಂದು ಬೆಳೆದವನು ನಾನು. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ, ಏಳಕ್ಕೆ ರಸ್ತೆಯ ಮೇಲಿರುತ್ತಿದ್ದೆ. ಗ್ಯಾಂಗಿನವರ ಕೋಣೆಯ ಗೋಡೆಗೆ ನನ್ನ ಕೈಬರಹದ ಆದೇಶಗಳ ಹಲಗೆ ತೂಗುತ್ತಿತ್ತು. ರಸ್ತೆ ಕೆಲಸದವರ ಮೇಸ್ತ್ರಿಗೆ ಅದು ಬಾಯಿಪಾಠ.

ಕಡೆಗೆ ಪಟ್ಟಿಯ ಕಚೇರಿಯಿಂದ ತಪಾಸಣೆಗೆ ಅಧಿಕಾರಿ ಬರುವ ದಿನ ಗೊತ್ತಾಯಿತು. ಹಿಂದಿನ ಎರಡು ದಿನ ನನಗೆ ರಾಯಚೂರಿನಲ್ಲಿ ಮೀಟಿಂಗು. ತಪಾಸಣೆ ಇದೆ, ಎಲ್ಲ ತಯಾರಿರಲಿ ಎಂದು ಮೇಸ್ತ್ರಿಗೆ ಚೀಟಿ ಕಳಿಸಿದೆ.

ಆ ಬೆಳಿಗ್ಗೆ ಅಧಿಕಾರಿಯ ಜೀಪಿನಲ್ಲೇ ಬಂದೆ. ಸೇತುವೆ ದೂರದಿಂದಲೇ ಫಳಫಳ ಹೊಳೆಯುತ್ತಿತ್ತು. ಪಕ್ಕಗೋಡೆಗೆಲ್ಲ ಸುಣ್ಣ, ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ನಡುವಿನ ಕಲ್ಲಿನ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ‘ಸುಸ್ವಾಗತ’. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ.

“ಏನೋ ಮಾಡಿದಿ ಇದು?”

“ನಿಮ್ಮ ಆರ್ಡರ್ ಪ್ರಕಾರನ ಮಾಡೀನ್ರಿ ಸಾಹೇಬ್ರ. ಸಾಹೇಬ್ರು ಬರೋ ಮುಂದ ಕಲ್ಲಿನ ಮಾರಿ ಮ್ಯಾಲ ತಗ್ಗು-ದಿನ್ನಿ ಇರಬಾರದು, ಸಿಮೆಂಟ್ ಮೆತ್ತಿ ಸಮ ಮಾಡಿ ಸುಣ್ಣ ಹೊಡೀಬೇಕು. ಹಲಗಿ ಮ್ಯಾಲ ನೀವ ಬರದೀರಲ್ರಿ.”

ಬರೆದಿದ್ದೆ. ಮೈಲಿಗಲ್ಲುಗಳಿಗೆಂದು ಬರೆದಿದ್ದೆ, ಆದರೆ ಮೈಲಿಗಲ್ಲು ಎಂಬ ಮಾತು ಅಲ್ಲಿರಲಿಲ್ಲ.

“ಇಲ್ಲಿ ಅಕ್ಷರ ಇದ್ದಿದ್ದು ಕಾಣಲಿಲ್ಲೇನು?”

“ಕಂಡಾವ್ರಿ. ಬಾಳ ಹಳೇವು, ಒಂದೂ ತಿಳೀತಿರಲಿಲ್ಲ. ಈಗ ನೋಡ್ರಿ, ಸಾಲಿ ಹುಡುಗರೂ ಓದ್ತಾರ.”

ಅಧಿಕಾರಿ ಗಡಿಯಾರ ನೋಡಿಕೊಂಡರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಒಂದು ವಾರ ಕೊಡಿ, ನೀರು ಹಾಕಿ ಮೆಲ್ಲಗೆ ಬಿಡಿಸುತ್ತೇವೆ ಎಂದು ಕೇಳಬೇಕಿತ್ತು. ಅವಮಾನದ ಸಿಟ್ಟಿನಲ್ಲಿ, “ಈಗಿಂದೀಗ ತೆಗಿ,” ಎಂದು ಉಳಿ ಸುತ್ತಿಗೆ ತರಿಸಿದೆ. ಮೇಸ್ತ್ರಿಯ ಕೈ ತಡೆತಡೆದು ಏಳುತ್ತಿತ್ತು. “ಅಂಜಬ್ಯಾಡ, ಹೊಡಿ,” ಅಂದವನು ನಾನೇ. ಸಿಮೆಂಟು ಚಕ್ಕೆಚಕ್ಕೆಯಾಗಿ ಉದುರಿತು. ಅದರ ಜೊತೆಗೆ ಉಬ್ಬು ಅಕ್ಷರಗಳೂ ಮುರಿದು ಬಿದ್ದವು. ಕಡೆಗೆ ಕಲ್ಲಿನ ಮೇಲೆ ಉಳಿದದ್ದು ಅಂಚಿನ ಒಂದು ಬಳ್ಳಿಯ ಚಿತ್ರ, ಎರಡು ಮೂರು ಚುಕ್ಕೆ.

ಮಾಸ್ತರರು ಓದಿದ್ದನ್ನು ಬರೆದುಕೊಂಡಿದ್ದ ನನ್ನ ನೋಟ್‌ಬುಕ್ ತೋರಿಸಿದೆ. “ಇದು ನಿಮ್ಮ ಕೈಬರಹ. ಕಲ್ಲಿನದಲ್ಲ,” ಎಂದರು ಅಧಿಕಾರಿ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪುರಾವೆಯ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆದರು. ನಾನು ಇಲ್ಲ ಎಂದಾಗಲೆಲ್ಲ ವಾಪಸು ಬಂದಿದ್ದ ಫಾರಂ, ಅವರು ಇಲ್ಲ ಎಂದಾಗ ಮಾತ್ರ ವಾಪಸು ಬರಲಿಲ್ಲ. ಅದಾಗಿ ಎರಡು ವಾರಕ್ಕೆ ಫೋಟೋದ ಮಂಜೂರಾತಿ ಬಂತು. ಅದನ್ನು ಕಡತಕ್ಕೆ ಸೇರಿಸಿದೆ.

ಎಂಬತ್ತರ ದಶಕದಲ್ಲಿ ಸೇತುವೆಯನ್ನು ಕೆಡವಿದರು. ಕಮಾನುಗಳು ಸುಲಭಕ್ಕೆ ಬೀಳಲಿಲ್ಲ, ಗುತ್ತಿಗೆದಾರ ದಿನಾ ಬೈದುಕೊಳ್ಳುತ್ತಿದ್ದ. ಕಲ್ಲುಗಳನ್ನು ಒಡೆದು ಹೊಸ ರಸ್ತೆಯ ಅಡಿಗೆ ಹಾಕಿದರು.

ಅಷ್ಟರಲ್ಲಿ ನಾನು ಹಲಗೆಯ ಆದೇಶ ತಿದ್ದಿದ್ದೆ: ಅಕ್ಷರವಿರುವ ಯಾವ ಕಲ್ಲಿಗೂ ಸುಣ್ಣ ಹೊಡೆಯಬಾರದು. ಮೇಸ್ತ್ರಿ ಇದನ್ನೂ ಚಾಚೂ ತಪ್ಪದೆ ಪಾಲಿಸಿದ. ಹೊಸ ಸೇತುವೆಗೆ ಕೂಡಿಸಿದ್ದ ಉದ್ಘಾಟನೆಯ ಕಲ್ಲಿನಲ್ಲಿ ರಿಬ್ಬನ್ ಕತ್ತರಿಸಿದವರು, ಅಧ್ಯಕ್ಷತೆ ವಹಿಸಿದವರು, ಹಾಜರಿದ್ದವರು ಎಲ್ಲರ ಹೆಸರೂ ಇದ್ದವು. ನನ್ನ ನಿವೃತ್ತಿಯ ತಿಂಗಳು ಕಡೆಯ ಸಲ ಆ ದಾರಿಯಲ್ಲಿ ಹೋದಾಗ ಮೇಸ್ತ್ರಿ ಜೀಪಿಗೆ ಅಡ್ಡ ಕೈ ಮಾಡಿ ನಿಲ್ಲಿಸಿ, ಕರೆದೊಯ್ದು ತೋರಿಸಿದ.

“ನೋಡ್ರಿ ಸಾಹೇಬ್ರ, ಒಂದು ಹನಿ ಸುಣ್ಣ ಬಿದ್ದಿಲ್ಲ. ದಿನಾ ಅರಿವಿ ತಗೊಂಡು ಒರಸ್ತೀನ್ರಿ.”

ಚೆನ್ನಾಗಿ ಮಾಡಿದಿ ಎಂದೆ. ಜೀಪು ಹತ್ತಿದೆ.