ಶಹರ್ ಬಾನು ಕೇಳುತ್ತಿದ್ದ ಒಂದೇ ಪ್ರಶ್ನೆ

ಬಣಕಲ್‌ನ ಶಹರ್ ಬಾನುಗೆ ಯಾವ ಡಾಕ್ಟರ ಮುಂದೆ ಕೂತರೂ ಇದ್ದದ್ದು ಒಂದೇ ಪ್ರಶ್ನೆ. ಮಗಳು ರುಬೀನಾ ಹುಟ್ಟಿದಾಗಿನಿಂದ ನಡೆದವಳಲ್ಲ, ಮಾತಾಡಿದವಳಲ್ಲ. ಅದನ್ನು ಆ ತಾಯಿ ಹೇಗೋ ನುಂಗಿಕೊಂಡಿದ್ದಳು. ‘ನಾವು ಆಡೋ ಮಾತು ಅವ್ಳಿಗೆ ಗೊತ್ತಾಗುತ್ತಾ?’ ಅದೊಂದು ತಿಳಿದರೆ ಸಾಕಿತ್ತು. ‘ಅಂಥ ಆಸೆಯೆಲ್ಲ ಇಟ್ಕೋಬೇಡಮ್ಮ’ ಎಂದು ಹಾಸನದಲ್ಲೂ ಹೇಳಿದರು, ಮಂಗಳೂರಿನಲ್ಲೂ ಹೇಳಿದರು. ದೊಡ್ಡ ಓದು ಓದಿದವರು ಇಷ್ಟು ಸಲೀಸಾಗಿ ಕೈತೊಳೆದುಕೊಳ್ಳುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎರಡು ಸಾವಿರದ ಏಳೆಂಟರ ಸುಮಾರಿಗೆ ನಾನು ಮೂಡಿಗೆರೆಯಲ್ಲಿ ಸೈಬರ್ ಸೆಂಟರ್ ನಡೆಸುತ್ತಿದ್ದೆ. ಇಂಥ ಮಕ್ಕಳ ತಂದೆತಾಯಂದಿರನ್ನು ಮಂಗಳೂರಿನ ಮೇಡಂ ಒಬ್ಬರು ಭಾನುವಾರ ಕಂಪ್ಯೂಟರಿನಲ್ಲೇ ಒಟ್ಟುಸೇರಿಸಿ ಮಾತಾಡಿಸುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಶಹರ್ ಬಾನು ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಗಂಡ ಜಿಯಾಉದ್ದೀನ್ ಜೀಪ್ ಮೆಕ್ಯಾನಿಕ್. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊರಗೆ ಜೀಪಿನಲ್ಲೇ ಕಾಯುತ್ತಿದ್ದ. ಒಳಗೆ ಈಕೆ ಅಳುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ನೆಟ್ ಕೈಕೊಟ್ಟರೆ ಮಾತ್ರ ಬೈಗುಳ ನನಗೆ.

ಜುಲೈನ ಒಂದು ಭಾನುವಾರ ಜೀಪಿನ ಟಾರ್ಪಾಲ್ ಸೋರತೊಡಗಿತು. ‘ಕುಮಾರಣ್ಣ, ಸ್ವಲ್ಪ ಒಳಗೆ ಕೂತ್ಕೋತೀವಿ’ ಎಂದು ಜಿಯಾಉದ್ದೀನ್ ಮಗಳನ್ನು ಎತ್ತಿಕೊಂಡು ಬಂದು ಬೆಂಚಿನ ಮೇಲೆ ಕೂತ. ಬೆನ್ನು ಹಾಕಿ ಕೂತಿದ್ದ ಶಹರ್ ಬಾನುಗೆ ಅದು ತಿಳಿಯಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಮಳೆ ಜೋರಾದರೆ ನಮ್ಮ ಕಡೆ ಎಲ್ಲರೂ ಕೂಗಿಯೇ ಮಾತಾಡುತ್ತೇವೆ, ಕೂಗುತ್ತಿದ್ದೇವೆ ಎನ್ನುವ ಪರಿವೆಯೂ ಇರುವುದಿಲ್ಲ. ಈಕೆಗೋ ಕಿವಿ ಬೇರೆ ಮುಚ್ಚಿತ್ತು.

‘ನಾನು ಹೋದ್ಮೇಲೆ ಅವ್ಳನ್ನ ಯಾರು ನೋಡ್ತಾರೆ ಮೇಡಂ? ನನಗಿಂತ ಮೊದ್ಲು ಅವ್ಳನ್ನ ಕರ್ಕೊಂಡ್ಬಿಡು ಅಂತ ಪ್ರತಿ ನಮಾಜಲ್ಲೂ ದುವಾ ಕೇಳ್ತೀನಿ. ಹೆತ್ತವ್ಳು ಕೇಳೋ ಮಾತಾ ಇದು?’

ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಜಿಯಾಉದ್ದೀನ್ ತಲೆ ತಗ್ಗಿಸಿದ. ರುಬೀನಾ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು. ಮಾತು ಮುಗಿಸಿ ಹಿಂದೆ ತಿರುಗಿದ ಶಹರ್ ಬಾನು ಇಬ್ಬರನ್ನೂ ಕಂಡು ಅಲ್ಲೇ ನಿಂತುಬಿಟ್ಟಳು.

ಮುಂದಿನ ಭಾನುವಾರವೂ ಬಂದರು. ಜಿಯಾಉದ್ದೀನ್ ಕೌಂಟರಿನ ಹತ್ತಿರ ದನಿ ತಗ್ಗಿಸಿ ಹೇಳಿದ: ‘ಅವತ್ತಿಂದ ತಾಯಿ ಕೈಯಿಂದ ಒಂದ್ ತುತ್ತೂ ತಗೊಳ್ತಿಲ್ಲ ಕುಮಾರಣ್ಣ. ಅವ್ಳು ಹತ್ರ ಬಂದ್ರೆ ಬಾಯಿ ಬಿಗಿ ಹಿಡ್ಕೋತಾಳೆ. ನಾನು ತಿನ್ನಿಸಿದ್ರೆ ತಿಂತಾಳೆ.’

ಅಂದು ಮಳೆ ಇರಲಿಲ್ಲ. ಮೈಕಿನ ವೈರ್ ಸರಿಮಾಡಲು ನಾನು ಶಹರ್ ಬಾನುವಿನ ಪಕ್ಕದಲ್ಲೇ ನಿಂತಿದ್ದೆ. ಮೇಡಂ ಏನೋ ಕೇಳಿದರು.

‘ರುಬೀನಾಗೆ ಎಲ್ಲ ಗೊತ್ತಾಗುತ್ತೆ ಮೇಡಂ,’ ಎಂದಳು. ‘ನಾವು ಆಡೋದೆಲ್ಲ ಗೊತ್ತಾಗುತ್ತೆ.’

ನಮ್ಮ ಅಂಗಡಿಯಲ್ಲಿ ನಡೆದದ್ದು ಆ ಕಡೆಯವರಿಗೆ ಹೇಗೆ ತಿಳಿಯಬೇಕು? ಇಷ್ಟು ವರ್ಷ ಕಾದದ್ದಕ್ಕೆ ಉತ್ತರ ಸಿಕ್ಕಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಡ್‌ಫೋನಿನೊಳಗಿನ ಆ ಸದ್ದು ನನಗೂ ಕೇಳಿಸಿತು. ಅದು ನಿಲ್ಲುವವರೆಗೆ ಕಾದು, ಶಹರ್ ಬಾನು ‘ಥ್ಯಾಂಕ್ಸ್’ ಎಂದಳು.