ಬಾಯಿ ಬಿಡದೆ ಕಂಪ್ಲಿಗೆ

ಸಂಡೂರಿನಿಂದ ಹೊಸಪೇಟೆಗೆ ಹದಿನೆಂಟು ಮೈಲಿ, ಬಸ್ಸಿಗೆ ಎಂಟಾಣೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಬಸ್ಸು ಹಿಂದುಗಡೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ದಿಬ್ಬ ಬಂದಲ್ಲಿ ನಮ್ಮನ್ನೆಲ್ಲ ಇಳಿಸಿ ನಡೆಸುತ್ತಿತ್ತು. ಕೆಂಪು ಧೂಳಿನಲ್ಲಿ ನಡೆಯುತ್ತ ಎಲ್ಲರೂ ಬಸ್ಸಿನವನನ್ನು ಬೈಯುತ್ತಿದ್ದರೆ ನಾನು ಮಾತ್ರ ಹಳೆಯ ಧೋತರದ ಗಂಟೊಂದನ್ನು ಎದೆಗವಚಿಕೊಂಡು ಸುಮ್ಮನಿದ್ದೆ. ಗಂಟಿನಲ್ಲಿ ಇದ್ದದ್ದು ಎರಡು ಸೇರು ಮಣ್ಣು.

ಐದು ದಿನದ ರಜೆ, ಪುಷ್ಯದ ಚಳಿ. ಹೋಗಬೇಕಾದದ್ದು ಕಂಪ್ಲಿಗೆ. ಅಲ್ಲಿ ನನ್ನ ಹೆಂಡತಿ ಗಿರಿಜಾ ತವರಿನಲ್ಲಿದ್ದಳು. ನೆಟ್ಟಗೆ ಹೊರಟಿದ್ದರೆ ಒಂದೇ ದಿನದಲ್ಲಿ ಮುಟ್ಟಬಹುದಿತ್ತು. ನಡುವೆ ಹಂಪಿಯಲ್ಲಿ ನಿಂತದ್ದು ಆ ಮಣ್ಣಿನ ದೆಸೆಯಿಂದ.

ನನ್ನ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಶಾಲಾ ಮೇಷ್ಟ್ರು, ಬಾಯಿಬಡುಕ; ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ನಮ್ಮ ಎಂಟು ತಿಂಗಳ ಕೂಸು ಜ್ವರದಿಂದ ತೀರಿಕೊಂಡಿತು. ನನ್ನ ದುಃಖವನ್ನು ಊರಿಗೆಲ್ಲ ಹೇಳಿಕೊಂಡೆ: ಶಾಲೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಯಶವಂತನಗರದ ರೈಲು ನಿಲ್ದಾಣದಲ್ಲಿ ಹಿಂದೆಂದೂ ಕಾಣದವರ ಮುಂದೆ. ಹೇಳಿದಷ್ಟೂ ನನಗೆ ಹಗುರವಾಗುತ್ತಿತ್ತು. ಗಿರಿಜಾ ಒಂದು ಮಾತೂ ಆಡಲಿಲ್ಲ. ಒಂದು ದಿನ ಟ್ರಂಕು ತುಂಬಿಕೊಂಡು ನಿಂತಳು. "ನಿಮ್ಮ ಬಾಯಾಗ ನನ್ನ ಕೂಸು ಕಥಿ ಆಗಿಬಿಡ್ತು. ನಾ ಇನ್ನ ಇಲ್ಲಿ ಇರಂಗಿಲ್ರಿ" ಎಂದಳು. ಈ ಬರಹವನ್ನೂ ಅಚ್ಚಿಗೆ ಕೊಡುವ ಮೊದಲು ಅವಳಿಗೆ ಕಂಪ್ಲಿಗೆ ಕಳಿಸಿದ್ದೆ. ಕೂಸಿನ ಹೆಸರಿದ್ದಲ್ಲೆಲ್ಲ ಗೆರೆ ಎಳೆದು ಟಪಾಲಿನಲ್ಲಿ ತಿರುಗಿ ಕಳಿಸಿದಳು. ಹಾಗಾಗಿ ಇಲ್ಲಿ ಹೆಸರಿಲ್ಲ.

ಅವಳು ಹೋದ ಮೇಲೆ ಮೂರು ಕಾಗದ ಬರೆದೆ, ಉತ್ತರ ಬರಲಿಲ್ಲ. ನಮ್ಮ ಹಿತ್ತಿಲಿನಾಚೆ ಕುಂಬಾರರ ಈರಮ್ಮನ ಮನೆ. ಅವಳ ಮುಂದೆಯೂ ತೋಡಿಕೊಂಡೆ. ಎಲ್ಲ ಕೇಳಿಸಿಕೊಂಡು ಎದ್ದುಹೋಗಿ ಒಂದು ಬುಟ್ಟಿ ಜರಡಿ ಹಿಡಿದ ಮಣ್ಣು ತಂದಿಟ್ಟಳು.

"ಮಾಸ್ತರ, ಇದರಾಗ ನಿಮ್ಮ ಕೈಯಾರೆ ಒಂದು ಹಣತಿ ಮಾಡ್ರಿ. ಮಣ್ಣು ನಮ್ಮ ಗುಡ್ಡದ್ದು, ನೀರು ಹಂಪಿ ಹೊಳಿದು. ಆರಿಸೋದು ಗಾಳ್ಯಾಗ, ಬಿಸಲಾಗ ಬ್ಯಾಡ. ಸುಡೋದು ಆಕಿ ಮನಿ ಒಲ್ಯಾಗ. ಕೈ ಮಣ್ಣಾಗಿದ್ದಾಗ ಬೇಡಿಕೊಂಡಿದ್ದು ಬಿಟ್ಟು ಬ್ಯಾರೆ ನೆನಸಬ್ಯಾಡ್ರಿ. ಇನ್ನ ಮ್ಯಾಲೆ, ದೀಪ ಹಚ್ಚೋ ತನಕಾ, ಏನು ಬೇಡಿಕೊಂಡೀನಿ ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ."

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? "ಪಂಚಭೂತ ಅಂದ್ರ ಐದು. ನಾಕ ಆದುವು. ಆಕಾಶ ಎಲ್ಲೈತಿ?" ಎಂದು ಕೇಳಿದೆ.

"ಹಣತಿ ಒಳಗ ಖಾಲಿ ಇರ್ತೈತಲ್ರಿ, ಅದ" ಎಂದು ನಕ್ಕಳು.

ಶುಕ್ರವಾರ ಹೊಸಪೇಟೆಯ ಛತ್ರದಲ್ಲಿ ಮಲಗಿದೆ. ಶನಿವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜಿ ತಿಂದು, ಜಟಕಾ ಹಿಡಿದು ಹಂಪಿ ಮುಟ್ಟಿದಾಗ ಬಿಸಿಲು ಏರಿತ್ತು. ಚಕ್ರತೀರ್ಥದ ಹತ್ತಿರ ಬಂಡೆಯ ನೆರಳಿನಲ್ಲಿ ಕೂತು ಮಣ್ಣು ಕಲಸಿದೆ. ಸೀಮೆಸುಣ್ಣ ಬಿಟ್ಟರೆ ಬೇರೇನೂ ಹಿಡಿಯದ ಕೈ ನನ್ನದು. ಹಣತೆ ಒಮ್ಮೆ ರೊಟ್ಟಿಯಾಯಿತು, ಒಮ್ಮೆ ದೊನ್ನೆಯಾಯಿತು. ಮೂರನೆಯ ಸಲ ಹಣತೆಯ ಹಾಗೆ ಕಂಡಿತು.

ಪಕ್ಕದಲ್ಲಿ ಮೆಟ್ರಿ ಹಳ್ಳಿಯ ಕಡೆಯ ಹೆಂಗಸೊಬ್ಬಳು ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಿದ್ದಳು. ಸ್ವಂತ ಮನೆ ಆಗಲೆಂದು ಬೇಡಿಕೊಂಡವರು ಹಂಪಿಯಲ್ಲಿ ಹೀಗೆ ಸಣ್ಣ ಕಲ್ಲುಮನೆ ಕಟ್ಟಿಹೋಗುವುದುಂಟು. "ಎರಡು ಅಂಕಣ ಸಾಕ್ರಿ, ಆಸಿ ಭಾಳ ಇರಬಾರದು" ಎಂದವಳು ನನ್ನ ಕೈ ನೋಡಿ, "ನಿಮ್ದೇನ್ರಿ ಬೇಡಿಕಿ?" ಎಂದಳು.

ಕೇಳಿದ್ದೇ ತಡ, ನಾನು ಶುರು ಮಾಡಿದೆ. ಜ್ವರ ಬಂದ ದಿನದಿಂದ ಟ್ರಂಕಿನ ತನಕ, ಹೆಂಡತಿ ತಿರುಗಿ ಬರಲಿ ಎಂಬುದರ ತನಕ ಒಂದೂ ಬಿಡದೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ನನಗೆ ಹಿತವಾಯಿತು. ಆ ಹಿತವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ನೋಡಿದರೆ, ರಾತ್ರಿ ನಾನು ಮಲಗಿದ್ದ ಮಂಟಪದಲ್ಲಿ ಆರಲಿಟ್ಟ ಹಣತೆ ನಡುವೆ ಬಿರಿದಿತ್ತು. ಹದ ಸಾಲದೆ ಬಿರಿಯಿತೋ, ನನ್ನ ಬಾಯಿಂದ ಬಿರಿಯಿತೋ, ಯಾರನ್ನು ಕೇಳುವುದು? ಈರಮ್ಮನ ಮಾತು ಮೂಢನಂಬಿಕೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಗಿರಿಜಾ ಹೇಳಿದ್ದೂ ಅದನ್ನೇ ಅಲ್ಲವೆ? ಕಲಸಿ ಕೆಡಿಸಿದ್ದು ಹೋಗಿ ಉಳಿದ ಮಣ್ಣು ಒಂದು ಹಿಡಿಯಷ್ಟು. ಮತ್ತೆ ಹೊಳೆಗೆ ಇಳಿದೆ.

ಆವತ್ತು ಯಾರ ಹತ್ತಿರವೂ ಕೂಡಲಿಲ್ಲ. ನೀರು ಕೊರೆಯುವಷ್ಟು ತಣ್ಣಗಿತ್ತು. ಮಣ್ಣನ್ನು ನಾದುತ್ತ ನಾದುತ್ತ ಅವಳು ಜೋಳದ ರೊಟ್ಟಿ ಬಡಿಯುವ ಸಪ್ಪಳ ನೆನಪಾಯಿತು. ಮದುವೆಯಾಗಿ ಏಳು ವರ್ಷ ಆ ಸಪ್ಪಳದ ಮೇಲೆಯೇ ನಾನು ಮಾತಾಡಿದ್ದೆ, ಒಮ್ಮೆಯೂ ನಿಲ್ಲಿಸಿ ಕೇಳಿರಲಿಲ್ಲ. ಈಗ ಅದೊಂದು ಕೇಳಿಸಿದರೆ ಸಾಕೆಂದು ಜೀವ ಹಂಬಲಿಸಿತು. ಇಲ್ಲಿ ಮುಂದಿನ ಎರಡು ಸಾಲನ್ನು ಅವಳು ಹೊಡೆದುಹಾಕಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ನಿಂಬೆಹಣ್ಣಿನಷ್ಟು ಹಣತೆಯಾಯಿತು. ದಾಸೋಹದ ಮಠದಲ್ಲಿ ಪಕ್ಕದ ಎಲೆಯವರು "ಏನ್ರಿ ಕೈಯೆಲ್ಲ ಮಣ್ಣು?" ಎಂದು ಕೇಳಿದರು. ನಾಲಿಗೆ ತುದಿಗೆ ಬಂದದ್ದನ್ನು ಅನ್ನದ ಜೊತೆ ನುಂಗಿದೆ.

ಸೋಮವಾರ ಕಮಲಾಪುರದ ತನಕ ನಡೆದು, ಅಲ್ಲಿಂದ ಎತ್ತಿನ ಗಾಡಿ ಹಿಡಿದೆ. ದಾರಿಯುದ್ದಕ್ಕೂ ಕಾಲುವೆ, ಕಬ್ಬು, ಬೆಲ್ಲ ಕುದಿಯುವ ವಾಸನೆ. ಕಂಪ್ಲಿ ಮುಟ್ಟಿದಾಗ ಇಳಿಹೊತ್ತು. ಮಾವನವರು ತಮ್ಮ ಅಕ್ಕಿ ಗಿರಣಿಯ ಬಾಗಿಲಲ್ಲೇ ಇದ್ದರು. ಮೈಯೆಲ್ಲ ತೌಡು. "ಬರ್ರಿ ಅಳಿಯಾರ, ಕುಂದ್ರಿ" ಎಂದರೇ ಹೊರತು ಯಾಕೆ ಬಂದಿರೆಂದು ಕೇಳಲಿಲ್ಲ.

ಗಿರಿಜಾ ಕಾಲಿಗೆ ನೀರು ತಂದಿಟ್ಟಳು. ಸೊರಗಿದ್ದಳು. ನಾನು ಹಣತೆಯನ್ನು ಅವಳ ಮುಂದೆ ಹಿಡಿದೆ.

"ಏನ್ರಿ ಇದು?"

"ಸಂಡೂರು ಮಣ್ಣು. ನಾನ ಮಾಡೀನಿ. ನಿನ್ನ ಒಲ್ಯಾಗ ಸುಡಬೇಕು."

"ಯಾಕ?"

"ಅದನ್ನ ಹೇಳಂಗಿಲ್ಲ."

ನನ್ನ ಬಾಯಿಂದ ಅಂಥ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಮುಖವೆತ್ತಿ ನೋಡಿದಳು. ಹಣತೆಯನ್ನು ಮೊದಲು ಒಲೆಯ ದಂಡೆಯಲ್ಲಿ ಬೆಚ್ಚಗೆ ಮಾಡಿ, ಅಡಿಗೆ ಮುಗಿದ ಮೇಲೆ ಕೆಂಡದೊಳಗೆ ಸರಿಸಿ, ಮೇಲೆ ಸಗಣಿಯ ಕುಳ್ಳು ಮುಚ್ಚಿದಳು. ಇಬ್ಬರೂ ಒಲೆಯ ಮುಂದೆ ಕೂತೆವು. ಹತ್ತು ಸಲ ಬಾಯಿ ತೆರೆಯಲು ಹೋದೆ, ಹತ್ತು ಸಲ ಮುಚ್ಚಿದೆ. ಆಗ ಅವಳೇ ಮಾತಾಡತೊಡಗಿದಳು. ಕೂಸು ಹೋದ ಮೇಲೆ ಕೂಸಿನ ಬಗ್ಗೆ ಅವಳು ಮಾತಾಡಿದ್ದು ಅದೇ ಮೊದಲು. ನಾನು ಶಾಲೆಗೆ ಹೋದಾಗ ಅವರಿಬ್ಬರೇ ಇರುತ್ತಿದ್ದ ಹೊತ್ತಿನ ಸಂಗತಿ ಅದು, ನನಗೆ ಗೊತ್ತೇ ಇರಲಿಲ್ಲ. ಏನು ಹೇಳಿದಳೆಂದು ಬರೆಯುವುದಿಲ್ಲ. ಇದನ್ನು ಅವಳು ಹೊಡೆದದ್ದಲ್ಲ, ನಾನೇ ಬರೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಬೂದಿ ಕೆದರಿ ಹಣತೆ ತೆಗೆದಳು. ಒಂದು ಮಗ್ಗುಲು ಕರ್ರಗಾಗಿತ್ತು, ಬಿರಿದಿರಲಿಲ್ಲ. ಎಣ್ಣೆ ಹಾಕಿ, ಬತ್ತಿ ಹೊಸೆದು, ಗೋಡೆಯ ಗೂಡಿನಲ್ಲಿಟ್ಟು ಹಚ್ಚಿದಳು.

"ಇನ್ನ ಹೇಳಬಹುದು" ಎಂದೆ.

"ಬ್ಯಾಡ್ರಿ. ನನಗ ತಿಳಿದೈತಿ."

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು. ನಾನು ಹೊಸಪೇಟೆಗೆ ಹೋಗುವ ಗಾಡಿ ಹತ್ತಿದಾಗ ಕಾಲುವೆಯ ತನಕ ಪಕ್ಕದಲ್ಲೇ ನಡೆದು ಬಂದಳು. ಅಲ್ಲಿ ನಿಂತಳು. ಗಾಡಿ ಮುಂದೆ ಹೋಯಿತು.

ಗಾಡಿಯವನು ತಿರುಗಿ ನೋಡಿ, "ಯಾರ್ರಿ ಆ ಯಮ್ಮ?" ಎಂದ.

"ನಮ್ಮಾಕಿ" ಎಂದೆ.

ಇನ್ನೇನಾದರೂ ಹೇಳುತ್ತೇನೆಂದು ಅವನು ಬಹಳ ಹೊತ್ತು ಕಾದ. ನಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಕಬ್ಬು ಅಡ್ಡ ಬರುವ ತನಕ ಅವಳು ಅಲ್ಲೇ ನಿಂತಿದ್ದಳು.