ಅಡುಗೆಮನೆಯಿಂದ ಬರುತ್ತಿದ್ದ ಸ್ವರ

ನಿಕಾನೋರ್‌ಗೆ ಸಾಕಾಗಿಹೋಗಿತ್ತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಸರ್ಕಾರದ ಸಂಗೀತ ಪರೀಕ್ಷೆಗೆ ಕೂರುವುದೆಂದರೆ ಯಾರಿಗೆ ತಾನೇ ಉತ್ಸಾಹ? ಪಾಸಾದರೆ ಮತಾನ್ಸಾಸ್ ಬಂದರಿನ ಕ್ಲಬ್ಬಿನಲ್ಲಿ ಪಿಯಾನೊ ಮುಂದಿನ ಅವನ ಕುರ್ಚಿ ಉಳಿಯುತ್ತದೆ, ಇಲ್ಲದಿದ್ದರೆ ಪಿಂಚಣಿಯ ಕಾಗದ ಹಿಡಿದು ಮನೆಗೆ. ಮನೆಯಲ್ಲಿ ಪಿಯಾನೊ ಇರಲಿಲ್ಲ.

ನಾಲ್ಕನೆಯ ವಯಸ್ಸಿನಲ್ಲಿ ದಡಾರ ಅವನ ಎರಡೂ ಕಣ್ಣು ತಿಂದಿತ್ತು. ಚುರುಟು ಸುತ್ತುವ ಕೆಲಸಕ್ಕೆ ಹೋಗುವಾಗ ತಾಯಿ ಅವನನ್ನು ಅಜ್ಜಿಯ ಹತ್ತಿರ ಬಿಡುತ್ತಿದ್ದಳು. ಅಜ್ಜಿ ನೃತ್ಯಶಾಲೆಯ ಕಸ ಗುಡಿಸಿ ಮುಗಿಸುವಷ್ಟು ಹೊತ್ತು ಇವನು ಅಲ್ಲಿನ ಪಿಯಾನೊ ತಡವುತ್ತ ಕೂರುತ್ತಿದ್ದ. ಹದಿನೇಳಕ್ಕೆ ಮದುವೆಮನೆಗಳಲ್ಲಿ ನುಡಿಸಿದ. ಆಮೇಲೆ ಸಮುದ್ರದಾಚೆಯಿಂದ, ರೇಡಿಯೊದ ಗೊರಗೊರ ಸದ್ದಿನ ನಡುವೆ, ಜಾಝ್ ಬಂದು ಅವನನ್ನು ಹಿಡಿಯಿತು. ಮೂವತ್ತಕ್ಕೆ ಕ್ಲಬ್ ಸೇರಿದವನು ಅಲ್ಲಿಂದ ಕದಲಲಿಲ್ಲ. ಅಲ್ಲಿನ ಅಡುಗೆಯವಳಾದ ಮಿಗ್ದಾಲಿಯಾಳನ್ನೇ ಕಟ್ಟಿಕೊಂಡ.

ಸರಕು ತರುತ್ತಿದ್ದ ರಷ್ಯಾದ ಹಡಗುಗಳು ಬರುವುದು ನಿಂತ ಮೇಲೆ ಬಿಡಿಭಾಗ ಎಂಬುದೇ ಇಲ್ಲವಾಯಿತು. ಕ್ಲಬ್ಬಿನ ಪಿಯಾನೊಗೆ ರಿಪೇರಿಯವನು ಟೆಲಿಫೋನ್ ತಂತಿ ಬಿಗಿದ, ತುದಿಯ ಕೀಗಳನ್ನು ಕಿತ್ತು ನಡುವೆ ಜೋಡಿಸಿದ. ನಟ್ಟನಡುವಿನ ಒಂದು ಕೀ ಮಾತ್ರ ಸರಿಹೋಗಲಿಲ್ಲ, ಗೆದ್ದಲು ಅದರ ಬುಡವನ್ನೇ ಮುಗಿಸಿತ್ತು. ಅವತ್ತಿನಿಂದ ನಿಕಾನೋರ್‌ನ ಬೆರಳು ಆ ಜಾಗ ಬಂದಾಗ ಸುಮ್ಮನೆ ಎದ್ದು ನಿಲ್ಲುತ್ತಿತ್ತು. ಒಂದು ಸಂಜೆ ಕಪ್ಪು ಹುರುಳಿ ಬೇಯಿಸುತ್ತಿದ್ದ ಮಿಗ್ದಾಲಿಯಾ, ತಡೆಯಲಾರದೆ, ಬಾಗಿಲಾಚೆಯಿಂದ ಆ ಸ್ವರವನ್ನು ತಾನೇ ಹಾಡಿಬಿಟ್ಟಳು. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಹಿಂದೆಲ್ಲ ಪರೀಕ್ಷೆ ಕ್ಲಬ್ಬಿನಲ್ಲೇ ಆಗುತ್ತಿತ್ತು. ಈ ಸಲ ಊರಿನ ರಂಗಮಂದಿರಕ್ಕೆ ಬರಹೇಳಿದ್ದರು. ಕೈಹಿಡಿದು ಕರೆತಂದ ಮಿಗ್ದಾಲಿಯಾ ಹಿಂದಿನ ಬೆಂಚಿನಲ್ಲಿ ಕೂತಳು. ಅಲ್ಲಿನ ಪಿಯಾನೊಗೆ ಯಾವ ರೋಗವೂ ಇರಲಿಲ್ಲ. ಆದರೆ ಬೆರಳಿಗೆ ಅದನ್ನು ಹೇಳುವವರು ಯಾರು? ಆ ಜಾಗ ಬಂತು, ಬೆರಳು ಎದ್ದು ನಿಂತಿತು, ಹಿಂದಿನ ಬೆಂಚಿನಿಂದ ಮಿಗ್ದಾಲಿಯಾ ಎತ್ತಿದ ದನಿಯಲ್ಲಿ ಹಾಡಿದಳು.

"ಯಾರದು?" ಪರೀಕ್ಷಕಿಯ ದನಿ ಚುರುಕಾಗಿತ್ತು. "ಕಾಮ್ರೇಡ್, ಇದೇನು ನಿಮ್ಮ ಅಡುಗೆಮನೆ ಅಂದ್ಕೊಂಡ್ರಾ?"

"ತಪ್ಪಾಯ್ತು ಕಣಮ್ಮ, ಬಾಯಿಗೆ ತಾನಾಗೇ ಬಂದ್ಬಿಡ್ತು," ಎಂದಳು ಮಿಗ್ದಾಲಿಯಾ.

"ಮೇಷ್ಟ್ರೇ, ಇನ್ನೊಂದ್ಸಲ ನುಡಿಸಿ. ಆ ಕೀ ಸರಿಯಾಗೇ ಇದೆ."

ಈ ಸಲ ನಿಕಾನೋರ್ ಬೆರಳನ್ನು ಬಲವಂತದಿಂದ ಒತ್ತಿದ. ಸ್ವರ ಹೊರಟಿತು, ತಪ್ಪೇನೂ ಇಲ್ಲದ ಶುದ್ಧ ಸ್ವರ. ಆದರೆ ಅದು ಮಿಗ್ದಾಲಿಯಾಳ ದನಿಯಾಗಿರಲಿಲ್ಲ. ಹಿಂದಿನ ಬೆಂಚು ಉಸಿರೂ ಬಿಡದೆ ಕೂತಿತ್ತು. ಅವನಿಗೆ ತಾಳ ತಪ್ಪಿತು, ಮುಂದಿನ ಸಾಲು ಮರೆತುಹೋಯಿತು. ಎರಡು ಸಲ ಶುರುಮಾಡಿ ಎರಡು ಸಲವೂ ಅಲ್ಲೇ ನಿಂತ.

"ನಲವತ್ತೊಂದು ವರ್ಷ ದುಡಿದಿದ್ದೀರಿ ಮೇಷ್ಟ್ರೇ," ಎಂದಳು ಪರೀಕ್ಷಕಿ, ಈಗ ಮೆತ್ತಗೆ. "ಇನ್ನು ಸುಧಾರಿಸ್ಕೊಳ್ಳಿ."

ಮನೆಯಲ್ಲಿ ಮಿಗ್ದಾಲಿಯಾ ಕಾಫಿ ಕಾಸಿ ತಂದಿಟ್ಟಳು, ಸಕ್ಕರೆ ಹಾಕುವುದನ್ನೇ ಮರೆತಿದ್ದಳು.

"ನನ್ನ ಬಾಯಿಗೆ ಬೆಂಕಿ ಬೀಳ," ಎಂದಳು ಕೊನೆಗೆ. "ನಿನ್ನ ಕುರ್ಚೀನ ನಾನೇ ಕಳೆದೆ."

ನಿಕಾನೋರ್ ಕಹಿ ಕಾಫಿಯನ್ನು ಪಕ್ಕಕ್ಕೆ ಸರಿಸಿ ಊಟದ ಮೇಜಿನ ಮೇಲೆ ಎರಡೂ ಕೈ ಇಟ್ಟ. ಹಲಗೆಯ ಮೇಲೆ ಬೆರಳು ಓಡಿದವು, ಟಕಟಕ ಸದ್ದು ಬಿಟ್ಟರೆ ಬೇರೇನಿಲ್ಲ. ಆ ಜಾಗ ಬಂದಾಗ ಬೆರಳೆತ್ತಿ ಕಾದ. ಅವಳು ಹಾಡಲಿಲ್ಲ.

"ಕಾಯ್ತಾ ಇದ್ದೀನಿ ಕಣೇ," ಎಂದ.

"ಈ ಮೇಜಲ್ಲಿ ಒಂದಲ್ಲ, ಎಲ್ಲಾ ಕೀನೂ ಸತ್ತಿವೆ," ಎಂದಳು ಅವಳು.

"ಹೌದು. ಅದಕ್ಕೇ ಹೇಳ್ತಿರೋದು, ನಿನ್ನ ಬಿಟ್ರೆ ಇನ್ಯಾರೂ ಇಲ್ಲ."

ಮಿಗ್ದಾಲಿಯಾ ಮೂಗು ಸೀಟಿ, ಕುರ್ಚಿ ಎಳೆದು ಅವನ ಪಕ್ಕ ಕೂತಳು.

"ಹಾಗಾದ್ರೆ ನಿಧಾನಕ್ಕೆ ನುಡಿಸು," ಎಂದಳು. "ನಂಗೂ ವಯಸ್ಸಾಯ್ತು."